ಚಿಕ್ಕ ಮಕ್ಕಳ ವರ್ಗ ನಡೆಯಿಸುವ ಬಗೆ

ರವಿವಾರದ ಕನ್ನಡ ವರ್ಗಕ್ಕೆ ಸ್ವಯಂಸೇವಕರು ಬೇಕೆಂದು ವಾಚನಾಲಯದ ಫಲಕದ ಮೇಲೆ ಬರೆದಾಗಲೆಲ್ಲ ಬಹುಮಟ್ಟಿಗೆ ಒಂದೇ ಉತ್ತರ ಬರುತ್ತದೆ. “ಕನ್ನಡವೇನೋ ಬರುತ್ತದೆ, ಆದರೆ ಮೂವತ್ತು ಹುಡುಗರನ್ನು ಒಂದು ತಾಸು ಹಿಡಿದು ಕೂಡಿಸುವುದು ನಮ್ಮಿಂದಾಗದು” ಎನ್ನುತ್ತಾರೆ. ಹೀಗೆನ್ನುವವರಲ್ಲಿ ಪದವೀಧರರಿದ್ದಾರೆ, ಮನೆಯಲ್ಲಿ ಮೂರು ನಾಲ್ಕು ಮಕ್ಕಳನ್ನು ಸಾಕಿ ದೊಡ್ಡವರನ್ನಾಗಿ ಮಾಡಿದ ತಾಯಂದಿರೂ ಇದ್ದಾರೆ. ಅವರ ಅಳುಕು ಸುಳ್ಳಲ್ಲ. ಅಕ್ಷರ ಬಲ್ಲವರಿಗೆಲ್ಲ ವರ್ಗ ನಡೆಯಿಸಲು ಬರುವುದಿಲ್ಲ. ಆದರೆ ಅದು ಹುಟ್ಟಿನಿಂದ ಬರತಕ್ಕ ವಿದ್ಯೆಯೂ ಅಲ್ಲ. ಮಗ್ಗ ನಡೆಯಿಸುವುದನ್ನು, ಲೆಕ್ಕ ಬರೆಯುವುದನ್ನು ಕಲಿತಂತೆ ಇದನ್ನೂ ಕಲಿಯಬಹುದು.

ಇದೇ ಪುಣೆಯ ಬುಧವಾರ ಪೇಠೆಯ ಭಿಡೆ ವಾಡೆಯಲ್ಲಿ 1848ರಲ್ಲಿ ಹೆಣ್ಣುಮಕ್ಕಳ ಶಾಲೆ ಆರಂಭವಾಯಿತು. ಅಲ್ಲಿ ಕಲಿಸಿದ ಸಾವಿತ್ರಿಬಾಯಿ ಫುಲೆಯವರು ಮದುವೆಯಾಗಿ ಬಂದಾಗ ಅಕ್ಷರ ಬಲ್ಲವರಾಗಿರಲಿಲ್ಲ. ಪತಿ ಜೋತಿರಾಯರಿಂದ ಮನೆಯಲ್ಲಿ ಓದುಬರಹ ಕಲಿತು, ಶಿಕ್ಷಕಿಯ ತರಬೇತಿಯನ್ನೂ ಪಡೆದು ಆ ಕೆಲಸಕ್ಕೆ ನಿಂತರು. ಕಲಿಸುವವರು ಮೊದಲು ಕಲಿಸುವುದನ್ನು ಕಲಿಯಬೇಕೆಂಬುದಕ್ಕೆ ಈ ಊರಿನಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ.

ನಾವು ಶಿಕ್ಷಣಶಾಸ್ತ್ರ ಓದಿದವರಲ್ಲ. ಮ್ಯಾಟ್ರಿಕ್ ಮುಗಿಸಿ ಗಿರಣಿಯ ಕಚೇರಿಯಲ್ಲಿ ಹಾಜರಿ ಪಟ್ಟಿ, ಪಗಾರದ ಲೆಕ್ಕ ಬರೆಯುವ ಕಾರಕೂನರು. ರವಿವಾರದ ವರ್ಗದಲ್ಲಿ ನಿಂತು ಕಂಡದ್ದನ್ನೂ ಓದಿ ತಿಳಿದದ್ದನ್ನೂ ಕೂಡಿಸಿ, ಉಪಯೋಗಕ್ಕೆ ಬಂದ ಸಂಗತಿಗಳನ್ನಷ್ಟೇ ವಾಚಕರ ಮುಂದಿಡುತ್ತೇವೆ. ಪ್ರಾಥಮಿಕ ಶಾಲೆಯ ಶಿಕ್ಷಕರಿಗೂ ಮನೆಯಲ್ಲಿ ಪಾಠ ಹೇಳುವ ತಾಯಿತಂದೆಗಳಿಗೂ ಇವು ಬೇಕಾಗಬಹುದು.

ನಮ್ಮ ಮಕ್ಕಳ ಪರಿಸ್ಥಿತಿ

ಪುಣೆಯ ಕನ್ನಡ ಮಗು ವಾರವಿಡೀ ಇಂಗ್ಲಿಷ್ ಅಥವಾ ಮರಾಠಿ ಶಾಲೆಗೆ ಹೋಗುತ್ತದೆ. 2020ರ ಕಾಯಿದೆಯಂತೆ ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲಿ ಮರಾಠಿ ಕಡ್ಡಾಯದ ವಿಷಯವಾಗಿದೆ. ಅದು ನ್ಯಾಯವೇ, ಅನ್ನ ಕೊಡುವ ಊರಿನ ಭಾಷೆ ಬರಲೇಬೇಕು. ಆದರೆ ಇದರಿಂದ ನಮ್ಮ ಮಗುವಿಗೆ ಕನ್ನಡ ಮೂರನೆಯದೋ ನಾಲ್ಕನೆಯದೋ ಭಾಷೆಯಾಗುತ್ತದೆ. ಪರೀಕ್ಷೆಯಿಲ್ಲ, ಅಂಕವಿಲ್ಲ, ಬಾರದಿದ್ದರೆ ಕೇಳುವವರಿಲ್ಲ. ಶಾಲೆಯಲ್ಲಿ ಬೇಸರವಾದರೂ ಮಗು ಮರುದಿನ ಹೋಗಲೇಬೇಕು. ನಮ್ಮಲ್ಲಿ ಬೇಸರವಾದರೆ ಮುಂದಿನ ರವಿವಾರ ಬರುವುದಿಲ್ಲ. ಎರಡು ರವಿವಾರ ತಪ್ಪಿದ ಮಗು ಮೂರನೆಯದಕ್ಕೆ ಬರುವುದು ಅಪರೂಪ. ಆ ಮಗುವಿಗೆ ಊರಿನ ಅಜ್ಜಿಯ ಮಾತು ತಿಳಿದೀತು, ಊರಿನ ಬಸ್ಸಿನ ಮೇಲಿನ ಫಲಕ ಓದಲು ಬಾರದು. ಆದ್ದರಿಂದ ವರ್ಗವನ್ನು ಚೆನ್ನಾಗಿ ನಡೆಯಿಸುವುದು ನಮಗೆ ಮುಖ್ಯ ಪ್ರಶ್ನೆಯಾಗಿದೆ.

ಸಾಂಗಲಿ ಜಿಲ್ಲೆಯ ಜತ್ತ, ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆಯ ಕಡೆಗೆ ಕನ್ನಡ ಮಾಧ್ಯಮದ ಶಾಲೆಗಳೇ ಇವೆ. ಅಲ್ಲಿಯ ಕನ್ನಡ ಮಗುವಿಗೆ ಇಡೀ ವಾರ ಸಿಗುವ ಭಾಷೆ ಇಲ್ಲಿಯ ಮಗುವಿಗೆ ಒಂದು ತಾಸಿನಲ್ಲಿ ಸಿಗಬೇಕು. ಆ ತಾಸಿನಲ್ಲಿ ಇಪ್ಪತ್ತು ನಿಮಿಷ “ಸುಮ್ಮನಿರ್ರಿ” ಎನ್ನುವುದರಲ್ಲೇ ಹೋದರೆ ಉಳಿಯುವುದೆಷ್ಟು?

ಶಿಸ್ತು ಎಲ್ಲಿಂದ ಬರುತ್ತದೆ

ಶಿಸ್ತೆಂದರೆ ಬೆತ್ತ ಎಂದು ತಿಳಿದ ಕಾಲವೊಂದಿತ್ತು. ನಮ್ಮ ಹಿರಿಯರು ಐಗಳ ಮಠದ ಕಥೆ ಹೇಳುವಾಗ ಛಡಿಯ ಏಟನ್ನೇ ಹೆಚ್ಚಾಗಿ ನೆನೆಯುತ್ತಾರೆ. ಆದರೆ ಆ ಮಠಗಳು ನಡೆದದ್ದು ಛಡಿಯೊಂದರಿಂದಲೇ ಅಲ್ಲ. ಚಿಕ್ಕವರು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು; ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುತ್ತಿದ್ದರು; ಎಲ್ಲರೂ ಕೂಡಿ ಮಗ್ಗಿ ಒದರುತ್ತಿದ್ದರು. ಒಬ್ಬ ಐಗಳಿಗೆ ನಾಲ್ಕು ಬಗೆಯ ಮಕ್ಕಳಿದ್ದರೂ ಪ್ರತಿಯೊಂದು ಮಗುವಿನ ಕೈಗೆ ಏನಾದರೂ ಕೆಲಸವಿರುತ್ತಿತ್ತು. ಮದ್ರಾಸಿನ ಬಳಿಯ ಎಗ್ಮೋರಿನ ಅನಾಥಾಲಯದ ಶಾಲೆಯನ್ನು ನೋಡಿಕೊಳ್ಳುತ್ತಿದ್ದ ಆಂಡ್ರೂ ಬೆಲ್ ಎಂಬವರು ಈ ದೇಶದ ಇಂತಹ ಶಾಲೆಯಲ್ಲಿ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು, ತಮ್ಮಲ್ಲಿಯೂ ಅದನ್ನು ತಂದರು. ದೊಡ್ಡ ಹುಡುಗರಿಂದ ಚಿಕ್ಕವರಿಗೆ ಕಲಿಸುವ ಪದ್ಧತಿಯನ್ನು ಬೆಳೆಸಿ 1797ರಲ್ಲಿ ಪುಸ್ತಕ ಬರೆದರು. ಮುಂದೆ ಆ ಪದ್ಧತಿ ಇಂಗ್ಲಂಡಿನಲ್ಲಿ ಮದ್ರಾಸ್ ಪದ್ಧತಿಯೆಂದೇ ಹೆಸರಾಯಿತು. ಹೊರಗಿನವರು ನಮ್ಮಿಂದ ಒಯ್ದದ್ದು ಮರಳನ್ನೂ ಜೊತೆಗಾರನನ್ನೂ ಎಂಬುದನ್ನು ಗಮನಿಸಬೇಕು.

ಇಂದು ಬೆತ್ತದ ಮಾತೇ ಇಲ್ಲ. ಶಿಕ್ಷಣ ಹಕ್ಕಿನ 2009ರ ಕಾಯಿದೆಯ 17ನೆಯ ಕಲಮು ಮಗುವಿಗೆ ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆಯಾಗುವಂತೆ ನಡೆದುಕೊಳ್ಳುವುದನ್ನೂ ನಿಷೇಧಿಸಿದೆ. ಕಿವಿ ಹಿಂಡುವುದು, ಬೆಂಚಿನ ಮೇಲೆ ನಿಲ್ಲಿಸಿ ನಗೆಗೀಡು ಮಾಡುವುದು ಇವೂ ಅದರಲ್ಲಿ ಬಂದುವು. ಹಾಗಾದರೆ ಉಳಿದ ದಾರಿ ಯಾವುದು? ಅಮೇರಿಕೆಯ ಜೇಕಬ್ ಕೌನಿನ್ ಎಂಬ ಮನಶ್ಶಾಸ್ತ್ರಜ್ಞರು ಅನೇಕ ವರ್ಗಗಳನ್ನು ಪರೀಕ್ಷಿಸಿ 1970ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಶಾಂತವಾದ ವರ್ಗದ ಶಿಕ್ಷಕರಿಗೂ ಗದ್ದಲದ ವರ್ಗದ ಶಿಕ್ಷಕರಿಗೂ ಗದರಿಸುವ ರೀತಿಯಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಅವರಿಗೆ ಕಾಣಲಿಲ್ಲ. ವ್ಯತ್ಯಾಸವಿದ್ದುದು ಗದ್ದಲಕ್ಕೆ ಮೊದಲು ನಡೆಯುವ ಸಂಗತಿಗಳಲ್ಲಿ. ಒಳ್ಳೆಯ ಶಿಕ್ಷಕರ ಕಣ್ಣು ಇಡೀ ಕೋಣೆಯ ಮೇಲಿರುತ್ತಿತ್ತು. ಒಂದು ಕೆಲಸ ಮುಗಿದೊಡನೆ ಇನ್ನೊಂದು ತಡವಿಲ್ಲದೆ ಶುರುವಾಗುತ್ತಿತ್ತು.

ಗಿರಣಿಯಲ್ಲಿ ಕೆಲಸ ಮಾಡುವವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ನೂಲು ವೇಳೆಗೆ ಸರಿಯಾಗಿ ಬಂದರೆ ಮುಕಾದಮನು ಕೂಗಾಡುವ ಪ್ರಸಂಗ ಬರುವುದಿಲ್ಲ. ಕೈಗೆ ಕೆಲಸವಿಲ್ಲದೆ ಹತ್ತು ಮಂದಿ ನಿಂತರೆ ಎಂತಹ ಮುಕಾದಮನೂ ಸುಮ್ಮನಿರಿಸಲಾರ. ಮಕ್ಕಳ ವಿಷಯದಲ್ಲಿಯೂ ಹೀಗೆಯೇ. ಪ್ರತಿಯೊಂದು ಮಗುವಿಗೂ ಈಗ ಏನು ಮಾಡಬೇಕು, ಅದು ಮುಗಿದ ಮೇಲೆ ಏನು ಮಾಡಬೇಕು ಎಂಬುದು ತಿಳಿದಿದ್ದರೆ ವರ್ಗದ ಅರ್ಧ ಶಿಸ್ತು ತಾನೇ ಬಂದಂತೆ. ಇನ್ನು ಇದನ್ನು ಆಚರಣೆಗೆ ತರುವ ಬಗೆಯನ್ನು ನೋಡೋಣ.

ಮಕ್ಕಳು ಬರುವ ಮೊದಲು

ಕಲಿಸುವವರು ಮಕ್ಕಳಿಗಿಂತ ಕಾಲು ತಾಸು ಮೊದಲು ಬರತಕ್ಕದ್ದು. ಜಮಖಾನೆ ಹಾಸಿ, ಹಲಗೆ ಒರೆಸಿ, ಪಾಟಿ ಮತ್ತು ಬಳಪಗಳನ್ನು ಅವುಗಳ ಜಾಗದಲ್ಲಿಡಬೇಕು. ಒಳಗೆ ಬಂದ ಮಗುವಿಗೆ ಕೂಡಲೇ ಮಾಡಲು ಒಂದು ಸಣ್ಣ ಕೆಲಸ ಹಲಗೆಯ ಮೇಲೆ ಸಿದ್ಧವಿರಬೇಕು. “ನಿನ್ನ ಹೆಸರು ಬರೆದು ಅದರ ಕೆಳಗೆ ಒಂದು ಹೂವಿನ ಚಿತ್ರ ತೆಗೆ” ಎಂಬಷ್ಟು ಸಾಕು. ಅಕ್ಷರ ಬಾರದವರಿಗೆ ಹುಣಸೆಬೀಜವನ್ನು ಬರೆದ ಅಕ್ಷರದ ಗೆರೆಯ ಮೇಲೆ ಜೋಡಿಸುವ ಕೆಲಸ ಕೊಡಬಹುದು. ಎಲ್ಲರೂ ಬಂದು ಸೇರುವವರೆಗೆ ಸುಮ್ಮನೆ ಕೂಡಿಸಿದರೆ, ಆ ಹತ್ತು ನಿಮಿಷದಲ್ಲಿ ಹುಟ್ಟಿದ ಗದ್ದಲ ಇಡೀ ತಾಸು ಆರುವುದಿಲ್ಲ.

ಬಾಗಿಲು, ಕಿಟಕಿ, ನೀರಿನ ಬಿಂದಿಗೆ ಇವು ಎಲ್ಲಿವೆಯೆಂದು ನೋಡಿ ಮಕ್ಕಳನ್ನು ಕೂಡಿಸಬೇಕು. ಕಲಿಸುವವರು ಯಾವ ಮಗುವಿನ ಬಳಿಗಾದರೂ ನಾಲ್ಕು ಹೆಜ್ಜೆಯಲ್ಲಿ ಹೋಗಲು ಬರುವಂತೆ ನಡುವೆ ದಾರಿ ಬಿಡಬೇಕು. ಮೂಲೆಯಲ್ಲಿ ನಿಂತೇ ಪಾಠ ಹೇಳುವವರಿಗೆ ಮುಂದಿನ ಸಾಲಷ್ಟೇ ವರ್ಗವಾಗುತ್ತದೆ.

ನಿಯಮ ಮತ್ತು ಸಂಕೇತ

ನಿಯಮಗಳು ಮೂರಕ್ಕಿಂತ ಹೆಚ್ಚು ಬೇಡ. ಒಬ್ಬರು ಮಾತಾಡುವಾಗ ಉಳಿದವರು ಕೇಳುವುದು, ತೆಗೆದ ಸಾಮಾನನ್ನು ತೆಗೆದ ಜಾಗದಲ್ಲಿಡುವುದು, ಯಾರಿಗೂ ನೋವಾಗುವಂತೆ ನಡೆಯದಿರುವುದು. ಇವನ್ನು ಮಕ್ಕಳಿಂದಲೇ ಹೇಳಿಸಿ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದರೆ ಅವರಿಗೆ ಅವು ತಮ್ಮವೇ ಎನಿಸುತ್ತವೆ.

ಮಕ್ಕಳನ್ನು ಸುಮ್ಮನಾಗಿಸಲು ಒಂದೇ ಸಂಕೇತವಿರಲಿ. ಗಿರಣಿಯ ಭೋಂಗಾಕ್ಕೆ ಒಂದೇ ಅರ್ಥವಿರುವಂತೆ ಇದಕ್ಕೂ ಒಂದೇ ಅರ್ಥವಿರಬೇಕು. ನಾವು ತಾಳ ಹಾಕಿ ಮೂರು ಚಪ್ಪಾಳೆ ತಟ್ಟುತ್ತೇವೆ. ಮಕ್ಕಳು ಎರಡು ತಟ್ಟಿ ಕೈ ಕಟ್ಟಬೇಕು. ಮೊದಲ ದಿನ ಇದನ್ನು ಆಟದಂತೆ ಐದಾರು ಬಾರಿ ಆಡಿಸಿದರೆ ರೂಢಿಯಾಗುತ್ತದೆ. ಕಲಿಸುವವರ ದನಿ ಏರಿದಷ್ಟೂ ಮಕ್ಕಳ ದನಿ ಅದರ ಮೇಲೇರುತ್ತದೆ. ದನಿ ತಗ್ಗಿಸಿ ಹೇಳಿದರೆ ಕೇಳಿಸಿಕೊಳ್ಳಲು ಅವರೇ ಸುಮ್ಮನಾಗುತ್ತಾರೆ.

ಹಾಜರಿಯನ್ನೂ ಪಾಠವನ್ನಾಗಿ ಮಾಡಬಹುದು. ಹೆಸರು ಕರೆದಾಗ “ಹಾಜರ” ಎನ್ನುವ ಬದಲು ಆ ದಿನದ ಅಕ್ಷರದಿಂದ ಆರಂಭವಾಗುವ ಒಂದು ಶಬ್ದ ಹೇಳಬೇಕು. ‘ಮ’ ಎಂದಾದರೆ ಒಬ್ಬ ಮಳೆ ಎನ್ನುತ್ತಾನೆ, ಒಬ್ಬಳು ಮಣ್ಣು ಎನ್ನುತ್ತಾಳೆ, ಇನ್ನೊಬ್ಬ ಮಸಾಲೆದೋಸೆ ಎನ್ನುತ್ತಾನೆ. ಹೇಳಿದ ಶಬ್ದವನ್ನು ಮತ್ತೆ ಹೇಳಬಾರದೆಂದರೆ ಮೂವತ್ತು ಮಕ್ಕಳೂ ಕಿವಿಗೊಟ್ಟು ಕೇಳುತ್ತಾರೆ.

ಪ್ರಶ್ನೆ ಕೇಳುವ ರೀತಿ

“ರಾಮು, ಇದರ ಉತ್ತರ ಹೇಳು” ಎಂದು ಮೊದಲು ಹೆಸರು ಕರೆದರೆ ಉಳಿದವರು ತಮಗೆ ಸಂಬಂಧವಿಲ್ಲವೆಂದು ಬೇರೆ ಕಡೆಗೆ ನೋಡುತ್ತಾರೆ. ಮೊದಲು ಪ್ರಶ್ನೆ ಕೇಳಿ, ಸ್ವಲ್ಪ ತಡೆದು, ಆಮೇಲೆ ಹೆಸರು ಕರೆಯಬೇಕು. ಈ ತಡೆಯುವಿಕೆಯ ಬಗ್ಗೆ ಅಮೇರಿಕೆಯ ಮೇರಿ ಬಡ್ ರೋ ಎಂಬ ವಿದುಷಿ 1970ರ ದಶಕದಲ್ಲಿ ವಿಶೇಷ ಅಭ್ಯಾಸ ನಡೆಸಿದರು. ಸಾಮಾನ್ಯವಾಗಿ ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು ಒಂದು ಸೆಕೆಂಡಿನಷ್ಟೇ ಕಾಯುತ್ತಾರೆಂದೂ, ಮೂರು ಸೆಕೆಂಡು ಕಾದರೆ ಉತ್ತರಗಳು ಉದ್ದವಾಗಿ ಬರುತ್ತವೆಂದೂ, ಸುಮ್ಮನಿರುವ ಮಕ್ಕಳೂ ಬಾಯಿ ಬಿಡುತ್ತಾರೆಂದೂ ಅವರು ತೋರಿಸಿದರು. ಮನಸ್ಸಿನಲ್ಲಿ ಒಂದು, ಎರಡು, ಮೂರು ಎಂದು ಎಣಿಸುವುದಕ್ಕೆ ಖರ್ಚೇನೂ ಇಲ್ಲ. ಮನೆಯ ಭಾಷೆ, ಶಾಲೆಯ ಭಾಷೆ ಎರಡರ ನಡುವೆ ಶಬ್ದ ಹುಡುಕುವ ನಮ್ಮ ಮಕ್ಕಳಿಗೆ ಈ ಮೂರು ಎಣಿಕೆ ಎಲ್ಲರಿಗಿಂತ ಹೆಚ್ಚು ಬೇಕು.

ಇನ್ನೊಂದು ಮಾತು. ಪುಣೆಯ ವರ್ಗದಲ್ಲಿ ಹಲವು ಕನ್ನಡಗಳು ಕೂಡುತ್ತವೆ. ಕಟ್ಟಡದ ಕೆಲಸಕ್ಕೆಂದು ಕಲಬುರ್ಗಿ, ವಿಜಯಪುರದ ಕಡೆಯಿಂದ ಬಂದವರ ಮಕ್ಕಳು, ಹೋಟೆಲಿನವರಾದ ಉಡುಪಿ ಕಡೆಯವರ ಮಕ್ಕಳು, ಧಾರವಾಡ, ಬೆಳಗಾವಿಯಿಂದ ನೌಕರಿಗೆ ಬಂದವರ ಮಕ್ಕಳು ಒಂದೇ ಜಮಖಾನೆಯ ಮೇಲೆ ಕೂಡುತ್ತಾರೆ. ಒಬ್ಬಳು “ಹೋಗ್ತೀನ್ರೀ” ಎಂದರೆ ಇನ್ನೊಬ್ಬ “ಹೋಗ್ತೇನೆ” ಎನ್ನುತ್ತಾನೆ. ಯಾವುದನ್ನೂ ತಪ್ಪೆನ್ನಬಾರದು. ಮನೆಯ ಮಾತಿಗೆ ನಕ್ಕರೆ ಮಗು ಬಾಯಿ ಮುಚ್ಚುತ್ತದೆ, ಮತ್ತೆ ತೆರೆಸುವುದು ಕಷ್ಟ. ಬರೆಯುವಾಗ ಪುಸ್ತಕದ ರೂಪ ತಾನಾಗಿ ಬರುತ್ತದೆ.

ಮೂರು ಮಟ್ಟದ ಮಕ್ಕಳು, ಒಂದೇ ವರ್ಗ

ಆರು ವರ್ಷದವರಿಂದ ಹನ್ನೊಂದರವರೆಗಿನ ಮಕ್ಕಳನ್ನು ಒಂದೇ ಪಾಠಕ್ಕೆ ಕೂಡಿಸಿದರೆ ಅರ್ಧ ಮಂದಿಗೆ ಅದು ತಿಳಿಯದು, ಉಳಿದರ್ಧಕ್ಕೆ ಬೇಸರ. ಈ ತೊಡಕಿಗೆ ಕರ್ನಾಟಕದ ಸರಕಾರಿ ಶಾಲೆಗಳು ಕಂಡುಕೊಂಡ ಉಪಾಯ ‘ನಲಿ-ಕಲಿ’. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಇದು ಆರಂಭವಾಯಿತು. ಆಂಧ್ರದ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳಲ್ಲಿ ನಡೆಯುತ್ತಿದ್ದ ಕಾರ್ಡುಗಳ ಪದ್ಧತಿಯನ್ನು ಅಲ್ಲಿಯ ಶಿಕ್ಷಕರು ನೋಡಿ ಬಂದು, ತಮ್ಮ ಶಾಲೆಗೆ ಹೊಂದುವಂತೆ ತಾವೇ ಕಾರ್ಡುಗಳನ್ನು ಸಿದ್ಧಪಡಿಸಿದರು. ಪಾಠವನ್ನು ಸಣ್ಣ ಮೆಟ್ಟಿಲುಗಳಾಗಿ ಒಡೆದು ‘ಕಲಿಕಾ ಏಣಿ’ ಮಾಡಿದರು. ಪ್ರತಿಯೊಂದು ಮಗು ತನ್ನ ವೇಗದಲ್ಲಿ ಏರುತ್ತದೆ. ಕೆಲವು ಗುಂಪುಗಳಿಗೆ ಶಿಕ್ಷಕರ ಸಹಾಯ, ಕೆಲವಕ್ಕೆ ಜೊತೆಗಾರರ ಸಹಾಯ, ಕೆಲವರು ತಾವಾಗಿಯೇ ಕಲಿಯುತ್ತಾರೆ. ಸುಗ್ಗಿಗೆ ಹೋಗಿ ಹದಿನೈದು ದಿನ ತಪ್ಪಿಸಿಕೊಂಡ ಮಗುವೂ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಮಕ್ಕಳ ಕೈಗೆಟಕುವಂತೆ ಗೋಡೆಯ ಕೆಳಭಾಗಕ್ಕೆ ಕರಿ ಹಲಗೆ ಬಳಿದದ್ದೂ ಈ ಪದ್ಧತಿಯ ಒಂದು ಅಂಗ. ಮುಂದೆ ಇದು ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ಹಬ್ಬಿತು.

ರವಿವಾರದ ವರ್ಗಕ್ಕೆ ಇದರ ಸಾರವಷ್ಟೇ ಸಾಕು. ಅಕ್ಷರ ಬಾರದವರು, ಅಕ್ಷರ ಬಂದು ಒತ್ತಕ್ಷರಕ್ಕೆ ತಡವರಿಸುವವರು, ಓದಬಲ್ಲವರು ಎಂದು ಮೂರು ಗುಂಪು ಮಾಡಬೇಕು. ಕಲಿಸುವವರು ಒಂದು ಗುಂಪಿನಲ್ಲಿ ಕೂತಿರುವಾಗ ಉಳಿದೆರಡಕ್ಕೆ ಕಾರ್ಡುಗಳ ಕೆಲಸವಿರಲಿ. ಓದಬಲ್ಲ ಇಬ್ಬರನ್ನು ಪಾಳಿಯಂತೆ ಚಿಕ್ಕವರಿಗೆ ಜೊತೆ ಮಾಡಿದರೆ ಇಬ್ಬರಿಗೂ ಲಾಭ. ಹೇಳಿಕೊಟ್ಟವನ ವಿದ್ಯೆ ಗಟ್ಟಿಯಾಗುತ್ತದೆ.

ದೇವನಾಗರಿ ಬಲ್ಲ ಮಗುವಿಗೆ ಕ ಖ ಗ ಘ ಎಂಬ ಕ್ರಮ ಮೊದಲೇ ತಿಳಿದಿರುತ್ತದೆ. ಹೊಸ ಆಕಾರವನ್ನಷ್ಟೇ ಕಲಿಯಬೇಕು. ಅವರು ಎಡವುವ ಜಾಗಗಳು ಎರಡು. ಒಂದು, ಎ-ಏ ಮತ್ತು ಒ-ಓ ಭೇದ. ಮರಾಠಿ ಬರವಣಿಗೆಯಲ್ಲಿ ಇದಿಲ್ಲ. ಎರಡು, ಒತ್ತಕ್ಷರ, ನಮ್ಮಲ್ಲಿ ಎರಡನೆಯ ವ್ಯಂಜನ ಕೆಳಗೆ ಇಳಿಯುತ್ತದೆ, ದೇವನಾಗರಿಯಲ್ಲಿ ಸಾಧಾರಣವಾಗಿ ಮೊದಲಿನದು ಅರ್ಧವಾಗುತ್ತದೆ. ಮೊದಲನೆಯದಕ್ಕೆ ಒಂದು ಆಟವಿದೆ. ಬೆಳೆ-ಬೇಳೆ, ಕೊಡು-ಕೋಡು, ಎಡೆ-ಏಡಿ ಇಂತಹ ಶಬ್ದಗಳನ್ನು ಒಂದೊಂದಾಗಿ ಹೇಳುತ್ತ ಹೋಗುವುದು. ಮೊದಲಕ್ಷರ ಹ್ರಸ್ವವಾದರೆ ಕೂಡಬೇಕು, ದೀರ್ಘವಾದರೆ ಎದ್ದು ನಿಲ್ಲಬೇಕು. ಕೂತು ಜಡವಾದ ಮೈಗೆ ಚಲನೆಯಾಯಿತು, ಕಿವಿಗೆ ಪಾಠವೂ ಆಯಿತು. ಅಂಗಳವಿದ್ದರೆ ಕುಂಟೆಬಿಲ್ಲೆಯ ಮನೆಗಳಲ್ಲಿ ಅಕ್ಷರ ಬರೆದು, ಬಿಲ್ಲೆ ಬಿದ್ದ ಮನೆಯ ಅಕ್ಷರದಿಂದ ಶಬ್ದ ಹೇಳಿಸಬಹುದು.

ಸಾಮಾನಿಗೆ ಹಣ ಬೇಕಿಲ್ಲ

ಪುಣೆಯ ಟೆಲ್ಕೊ ಕಾರಖಾನೆಯಲ್ಲಿ ಇಂಜಿನಿಯರರಾಗಿದ್ದ ಅರವಿಂದ ಗುಪ್ತಾ ಅವರು 1978ರಲ್ಲಿ ರಜೆ ಪಡೆದು ಮಧ್ಯಪ್ರದೇಶದ ಹೋಶಂಗಾಬಾದಿನ ವಿಜ್ಞಾನ ಶಿಕ್ಷಣದ ಕಾರ್ಯಕ್ಕೆ ಹೋದರು. ಸೈಕಲ್ಲಿನ ವಾಲ್ವ್ ಟ್ಯೂಬನ್ನು ತುಂಡುಮಾಡಿ, ಬೆಂಕಿಕಡ್ಡಿಗಳನ್ನು ಅದರಲ್ಲಿ ಸಿಕ್ಕಿಸಿ ತ್ರಿಕೋನ, ಚೌಕ, ಮನೆ ಕಟ್ಟುವ ಆಟವನ್ನು ರೂಪಿಸಿದರು. ಮುಂದೆ ಅನೇಕ ವರ್ಷ ಪುಣೆಯ ಆಯುಕಾ ಸಂಸ್ಥೆಯ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ಕಸದಿಂದ ಆಟಿಕೆ ಮಾಡುವುದನ್ನು ಕಲಿಸಿದರು. ನಮ್ಮ ವರ್ಗಕ್ಕೂ ಇದೇ ದಾರಿ. ಹಳೆಯ ಕ್ಯಾಲೆಂಡರಿನ ಬೆನ್ನಿನ ಮೇಲೆ ಅಕ್ಷರದ ಕಾರ್ಡು, ಲಗ್ನಪತ್ರಿಕೆಯ ದಪ್ಪ ಕಾಗದದಿಂದ ಶಬ್ದದ ಜೋಡಿ, ಬಸ್ಸಿನ ತಿಕೀಟುಗಳಿಂದ ಕೂಡುವ ಲೆಕ್ಕ, ಬಾಟಲಿಯ ಬಿರಡೆಗಳಿಂದ ಎಣಿಕೆ. ಮಕ್ಕಳೇ ತಂದು ಮಕ್ಕಳೇ ಮಾಡಿದ ಸಾಮಾನನ್ನು ಅವರು ಹರಿಯುವುದಿಲ್ಲ.

ಕೀಟಲೆ ಮಾಡುವವರು, ಬಾಯಿ ಬಿಡದವರು

ಎಷ್ಟು ಸಿದ್ಧತೆಯಿದ್ದರೂ ಒಬ್ಬಿಬ್ಬರು ಕೀಟಲೆ ಮಾಡಿಯೇ ತೀರುತ್ತಾರೆ. ಅದಕ್ಕಾಗಿ ಪಾಠ ನಿಲ್ಲಿಸಬಾರದು. ಪಾಠ ಹೇಳುತ್ತಲೇ ಆ ಹುಡುಗನ ಬಳಿಗೆ ಹೋಗಿ ನಿಲ್ಲಬೇಕು. ಬಹಳ ಸಲ ಅಷ್ಟೇ ಸಾಕಾಗುತ್ತದೆ. ಸಾಲದಿದ್ದರೆ “ತಮ್ಮಾ, ಈ ಪಾಟಿಗಳನ್ನು ಹಂಚಿ ಬಾ” ಎಂದು ಕೆಲಸ ಕೊಡಬೇಕು. ಅದಕ್ಕೂ ಮಣಿಯದಿದ್ದರೆ ವರ್ಗ ಮುಗಿದ ಮೇಲೆ ಒಬ್ಬನನ್ನೇ ಕೂಡಿಸಿಕೊಂಡು ಮೆಲ್ಲಗೆ ಮಾತಾಡಬೇಕು. ಹತ್ತು ಮಂದಿಯ ಮುಂದೆ ಬೈಸಿಕೊಂಡ ಹುಡುಗ ಹತ್ತು ಮಂದಿಯ ಮುಂದೆಯೇ ಸೇಡು ತೀರಿಸಿಕೊಳ್ಳುತ್ತಾನೆ. ಹೊಗಳುವಾಗ “ಶಾಣ್ಯಾ” ಎಂದಷ್ಟೇ ಹೇಳದೆ, “ಇಂದು ‘ಳ’ ಅಕ್ಷರವನ್ನು ಗುಂಡಗೆ ಬರೆದೆ” ಎಂದು ಏನನ್ನು ಚೆನ್ನಾಗಿ ಮಾಡಿದನೆಂಬುದನ್ನು ಹೇಳಬೇಕು.

ಕೀಟಲೆ ಮಾಡುವವನು ನಮ್ಮ ಕಣ್ಣಿಗೆ ಬೀಳುತ್ತಾನೆ. ಬಾಯಿ ಬಿಡದ ಮಗು ಬೀಳುವುದಿಲ್ಲ, ಕಳೆದುಹೋಗುವುದು ಅದೇ. ನಮ್ಮ ವರ್ಗಕ್ಕೆ ಕಟ್ಟಡದ ಕಾವಲುಗಾರರೊಬ್ಬರ ಮಗಳು ಬರುತ್ತಿದ್ದಳು. ನಾಲ್ಕು ರವಿವಾರ ಒಂದು ಮಾತನ್ನೂ ಆಡಲಿಲ್ಲ. ಅವಳಿಗೆ ಬಳಪ ಎಣಿಸಿ ಹಂಚುವ, ಕೊನೆಗೆ ಎಣಿಸಿ ತೆಗೆದಿಡುವ ಕೆಲಸ ಒಪ್ಪಿಸಿದೆವು. ಐದನೆಯ ವಾರ ಎರಡು ಬಳಪ ಕಡಿಮೆ ಬಿದ್ದಾಗ “ಯಾರು ಕೊಟ್ಟಿಲ್ಲ, ಕೊಡ್ರಿ” ಎಂದು ಎಲ್ಲರಿಗೂ ಕೇಳುವಂತೆ ಕೂಗಿದಳು. ಇಂದು ಚಿಕ್ಕವರ ಗುಂಪಿಗೆ ಅವಳೇ ಅಕ್ಕನಾಗಿದ್ದಾಳೆ. ಪ್ರತಿಯೊಂದು ಮಗುವಿಗೂ ವರ್ಗದಲ್ಲಿ ಒಂದು ಜವಾಬ್ದಾರಿ ಇರಬೇಕೆಂಬುದಕ್ಕಾಗಿ ಇದನ್ನು ಹೇಳಿದೆವು.

ಒಂದು ನೋಟುಬುಕ್ಕಿನಲ್ಲಿ ಮಗುವಿಗೊಂದು ಪುಟ ಇಡುವುದು ಒಳ್ಳೆಯದು. ಇಂದು ಯಾವ ಮೆಟ್ಟಿಲು, ಯಾವ ತೊಡಕು, ಮಾತಾಡಿತೋ ಇಲ್ಲವೋ ಎಂದು ಎರಡು ಸಾಲು ಬರೆದರೆ, ಮುಂದಿನ ವಾರ ಬೇರೆ ಸ್ವಯಂಸೇವಕರು ಬಂದರೂ ಕೆಲಸ ನಿಲ್ಲುವುದಿಲ್ಲ.

ಒಂದು ತಾಸಿನ ಹಂಚಿಕೆ

ಚಿಕ್ಕ ಮಕ್ಕಳು ಒಂದೇ ಕೆಲಸದಲ್ಲಿ ಬಹಳ ಹೊತ್ತು ನಿಲ್ಲಲಾರರು. ಆದ್ದರಿಂದ ಹೀಗೆ ಹಂಚಬಹುದು: ಬಂದೊಡನೆ ಮಾಡುವ ಸಣ್ಣ ಕೆಲಸ 5 ನಿಮಿಷ, ಹಾಡು ಮತ್ತು ಶಬ್ದದ ಹಾಜರಿ 10 ನಿಮಿಷ, ಎಲ್ಲರಿಗೂ ಕೂಡಿ ಹೊಸ ಪಾಠ ಅಥವಾ ಕಥೆ 15 ನಿಮಿಷ, ಎದ್ದು ಕೂಡುವ ಆಟ 5 ನಿಮಿಷ, ಮೂರು ಗುಂಪುಗಳ ಕೆಲಸ 20 ನಿಮಿಷ, ಸಾಮಾನು ಎತ್ತಿಟ್ಟು, ಮನೆಗೆ ಹೋಗಿ ಹೇಳತಕ್ಕ ಒಂದು ಒಗಟು ಕಲಿಯುವುದು 5 ನಿಮಿಷ. ಕೊನೆಯದನ್ನು ಬಿಡಬಾರದು. ಮನೆಯಲ್ಲಿ ಅಜ್ಜನಿಗೆ ಒಗಟು ಹಾಕಿದ ಮಗು ವಾರದ ನಡುವೆಯೂ ಕನ್ನಡದಲ್ಲಿ ಮಾತಾಡಿತು.

ಮಗು ವರ್ಗಕ್ಕೆ ಬಾರದಿದ್ದರೆ ವರ್ಗವೇ ಮಗುವಿನ ಕಡೆಗೆ ಹೋಗಬೇಕಾದೀತು. ಪುಣೆ ಜಿಲ್ಲೆಯ ಮೋರಗಾಂವದಲ್ಲಿ 1910ರಲ್ಲಿ ಹುಟ್ಟಿದ ಅನುತಾಯಿ ವಾಘ ಅವರು, ತಮ್ಮ ಗುರುಗಳಂತಿದ್ದ ತಾರಾಬಾಯಿ ಮೋಡಕರೊಡನೆ ಬೋರ್ಡಿ ಮತ್ತು ಕೋಸಬಾಡದ ಆದಿವಾಸಿ ಮಕ್ಕಳಿಗಾಗಿ ದುಡಿದರು. ಮಕ್ಕಳು ಶಾಲೆಗೆ ಬಾರದಿರಲು ಇವರು ಅವರ ಅಂಗಳಕ್ಕೇ ಶಾಲೆಯನ್ನು ಒಯ್ದರು. ದನ ಕಾಯುವ ಮಕ್ಕಳಿಗೆ ಹುಲ್ಲುಗಾವಲಿನಲ್ಲಿಯೇ ಪಾಠ ಹೇಳಿದರು. ನಮ್ಮ ಊರಿನಲ್ಲಿ ಕಟ್ಟಡಗಳು ಏಳುವ ಕಡೆಯಲ್ಲೆಲ್ಲ ಕನ್ನಡ ಮಕ್ಕಳಿದ್ದಾರೆ. ಇಬ್ಬರು ಸ್ವಯಂಸೇವಕರು, ಒಂದು ಜಮಖಾನೆ, ಒಂದು ಚೀಲ ಕಾರ್ಡುಗಳಿದ್ದರೆ ಅಲ್ಲಿ ಇನ್ನೊಂದು ವರ್ಗ ಆರಂಭಿಸಬಹುದು. ಸಿದ್ಧರಿರುವವರು ಯಾವುದೇ ರವಿವಾರ ಬೆಳಿಗ್ಗೆ ವಾಚನಾಲಯಕ್ಕೆ ಬರಬೇಕು. ಮೊದಲ ಎರಡು ವಾರ ಹಿಂದೆ ಕುಳಿತು ನೋಡಲಿ. ಮೂರನೆಯ ವಾರ ಒಂದು ಗುಂಪನ್ನು ಅವರಿಗೆ ಒಪ್ಪಿಸುತ್ತೇವೆ. ಕ್ಯಾಲೆಂಡರು, ಲಗ್ನಪತ್ರಿಕೆಗಳನ್ನು ರದ್ದಿಗೆ ಹಾಕುವ ಮೊದಲು ನಮ್ಮನ್ನು ನೆನೆಯಬೇಕೆಂದು ಎಲ್ಲ ವಾಚಕರಲ್ಲಿ ವಿನಂತಿ.